ಹಳೆಯ ಪಿಕಪ್ ವಾಹನ: ಇಂಧನ ದೋಷದ ಪತ್ತೆ ಹಾಗೂ ದುರಸ್ತಿಯ ಲೆಕ್ಕ

ಹಲಸಂಗಿ, ಚಡಚಣ, ಇಂಡಿ ಭಾಗದ ನಿಂಬೆ ವ್ಯಾಪಾರಕ್ಕೆ ಹಳೆಯ ಡೀಸೆಲ್ ಪಿಕಪ್‌ಗಳ ಆಧಾರ ಇಂದಿಗೂ ಇದೆ. ಬೇಸಿಗೆಯಲ್ಲಿ ಕಾಯಿ ತುಂಬಿದ ಗಾಡಿ ಝಳಕಿಯ ಬಳಿ ನಿಂತರೆ ಕಾಯಿಯ ತೂಕ ಇಳಿಯುವುದಲ್ಲದೆ ಅಂದಿನ ಹರಾಜೂ ತಪ್ಪುತ್ತದೆ. ಇಂತಹ ಸಂದರ್ಭದಲ್ಲಿ ಅವಸರದಿಂದ ಪಂಪು ಬಿಚ್ಚಿಸುವುದೇ ನಷ್ಟದ ಮೂಲ. ಅಗ್ಗದ ಪರೀಕ್ಷೆ ಮೊದಲು, ದುಬಾರಿ ದುರಸ್ತಿ ಕೊನೆಗೆ ಎಂಬುದೇ ಇಲ್ಲಿನ ಸೂತ್ರ.

ಪರೀಕ್ಷೆಯ ಕ್ರಮ

1. ಹೊಗೆ: ಸ್ಟಾರ್ಟರ್ ತಿರುಗಿದರೂ ಹೊಗೆ ಬಾರದಿದ್ದರೆ ಡೀಸೆಲ್ ಎಂಜಿನ್ನಿಗೆ ತಲುಪುತ್ತಿಲ್ಲವೆಂದು ತಿಳಿಯಬೇಕು. ಕಪ್ಪು ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ. ಮೊದಲು ಏರ್ ಫಿಲ್ಟರ್ ನೋಡಬೇಕು.

2. ಟ್ಯಾಂಕ್: ಕೆಲವು ಮೈಲಿ ಓಡಿ ನಿಂತ ಗಾಡಿ ಮುಚ್ಚಳ ತೆರೆದೊಡನೆ ಗಾಳಿ ಎಳೆದುಕೊಂಡು ಮತ್ತೆ ಚಾಲೂ ಆದರೆ, ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದೆ.

3. ಫಿಲ್ಟರ್: ಕೆಳಗಿನ ತಿರುಪು ಸಡಿಲಿಸಿ ನೀರನ್ನೂ ಕೆಸರನ್ನೂ ಹೊರಬಿಡಬೇಕು. ಏರು ದಾರಿಯಲ್ಲಿ ಮಾತ್ರ ಎಳೆತ ಕುಂದುವುದು ಫಿಲ್ಟರ್ ಕಟ್ಟಿರುವ ಸಾಮಾನ್ಯ ಲಕ್ಷಣ.

4. ಪೈಪು: ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಬಿರಿದಿದ್ದರೆ ಡೀಸೆಲ್ ಸೋರದೆಯೂ ಗಾಳಿ ಒಳಸೇರಬಹುದು. ಚಾಲಕರು ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ. ಪಾರದರ್ಶಕ ಪೈಪಿನ ತುಂಡು ಜೋಡಿಸಿದರೆ ಗುಳ್ಳೆಗಳು ಕಾಣುತ್ತವೆ. ಏರ್ ತೆಗೆದ ಮೇಲೂ ಮರುದಿನ ದೋಷ ಮರಳಿದರೆ ಪೈಪು, ಕ್ಲಾಂಪ್ ಬದಲಿಸಬೇಕು.

5. ಪಂಪು, ನಾಜಲ್: ಮೇಲಿನವೆಲ್ಲ ಸರಿಯಿದ್ದು, ಡೀಸೆಲ್ ತಡೆಯುವ ಸೊಲೆನಾಯ್ಡ್‌ಗೆ ಕರೆಂಟು ಬರುತ್ತಿದ್ದರೆ ಮಾತ್ರ ಪಂಪು ಹಾಗೂ ನಾಜಲ್‌ಗಳನ್ನು ಪರೀಕ್ಷೆಗೆ ಕೊಡಬೇಕು. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಪೈಪನ್ನು ಎಂದಿಗೂ ಸಡಿಲಿಸಬಾರದು. ಅದರ ಒತ್ತಡದ ಡೀಸೆಲ್ ಚರ್ಮವನ್ನೇ ಸೀಳಬಲ್ಲದು.

ವೆಚ್ಚದ ಹೋಲಿಕೆ

ಉದಾಹರಣೆಗೆ, ಪಂಪು ದುರಸ್ತಿಗೆ ರೂ. 14,000 ತಗಲಿ ಗಾಡಿ 3 ದಿನ ನಿಂತಿತೆಂದಿಟ್ಟುಕೊಳ್ಳೋಣ. ದಿನದ ಬಾಡಿಗೆ ರೂ. 2,000 ಆದರೆ ಒಟ್ಟು ಹೊರೆ ರೂ. 20,000. ದೋಷವು ರೂ. 300ರ ಪೈಪಿನಲ್ಲಿದ್ದರೆ ಇಷ್ಟೂ ಹಣ ವ್ಯರ್ಥ. ಬಿಲ್ಲಿನಲ್ಲಿ ಕಾಣದ ಬಾಡಿಗೆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ತೆರಿಗೆಯ ಅಂಶಗಳು

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಶೇ. 18 ಜಿಎಸ್‌ಟಿ ಇದೆ. ಸರಕು ವಾಹನವಾದ್ದರಿಂದ, ತೆರಿಗೆಯುಳ್ಳ ಸರಕು ಮಾರುವ ನೋಂದಾಯಿತ ವರ್ತಕರು ಇದರ ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದು. ತಾಜಾ ನಿಂಬೆಯಂತಹ ತೆರಿಗೆರಹಿತ ಸರಕನ್ನಷ್ಟೇ ಮಾರುವವರಿಗೂ, ಕಾಂಪೊಸಿಷನ್ ಪದ್ಧತಿಯವರಿಗೂ ಈ ಜಮೆ ಇಲ್ಲ. ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಗ್ಯಾರೇಜಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ವೆಚ್ಚಕ್ಕೆ ಮಾನ್ಯತೆ ದೊರೆಯದು; ಬ್ಯಾಂಕಿನ ಮೂಲಕ ಪಾವತಿಸುವುದು ಕ್ಷೇಮ.

ಪ್ರತಿ ವಾಹನಕ್ಕೂ ಒಂದು ವಹಿ ಇರಲಿ. ದಿನಾಂಕ, ಓಡಿದ ಕಿಲೋಮೀಟರ್, ಕಂಡ ಲಕ್ಷಣ, ಬದಲಿಸಿದ ಭಾಗ, ನಿಂತ ದಿನ ಇವಿಷ್ಟನ್ನು ಬರೆದಿಟ್ಟರೆ, ಗಾಡಿಯನ್ನು ದುರಸ್ತಿ ಮಾಡಿಸಬೇಕೋ ಮಾರಬೇಕೋ ಎಂಬ ಪ್ರಶ್ನೆಗೆ ಆ ವಹಿಯೇ ಉತ್ತರ ಕೊಡುತ್ತದೆ.