ಗುಜರಿಗೆ ಹಾಕುವ ಮುನ್ನ ಕಳೆಯಂತ್ರವನ್ನೊಮ್ಮೆ ಬಿಚ್ಚಿ ನೋಡಿ

ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಪಂಪ್‌ಶೆಡ್ಡಿನ ಗೋಡೆಯಲ್ಲೋ ಹಳೆಯ ಕಳೆಯಂತ್ರವೊಂದು ಇದ್ದೇ ಇರುತ್ತದೆ. ಎರಡು ಮೂರು ಮಳೆಗಾಲ ಚೆನ್ನಾಗಿ ದುಡಿದಿರುತ್ತದೆ. ಆಮೇಲೊಂದು ದಿನ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಕಳೆ ಮೊಣಕಾಲೆತ್ತರ ಬೆಳೆದಿರುತ್ತದೆ, ರಿಪೇರಿಯವರು ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಹೊಸ ಯಂತ್ರ ಬರುತ್ತದೆ, ಹಳೆಯದು ಮೂಲೆ ಸೇರುತ್ತದೆ. ಹೀಗೆ ಮೂಲೆ ಸೇರಿದವುಗಳಲ್ಲಿ ಬಹುಪಾಲು ಕೆಟ್ಟುಹೋದ ಯಂತ್ರಗಳಲ್ಲ. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲು ಒಣಗಿ ಅವುಗಳ ಕಾರ್ಬುರೇಟರ್ ಕಟ್ಟಿಕೊಂಡಿರುತ್ತದೆ, ಅಷ್ಟೇ. ಸ್ಕ್ರೂಡ್ರೈವರ್, ಆಲನ್ ಕೀ, ಪ್ಲಗ್ ಸ್ಪ್ಯಾನರ್ ಹಿಡಿಯಲು ಬರುವ ಯಾವ ಕೃಷಿಕರಾದರೂ ಅದನ್ನು ಮನೆಯಲ್ಲೇ ಸರಿಮಾಡಬಹುದು. ಬಿಡಿಭಾಗ ಕೊಳ್ಳುವ ಮೊದಲು ಯಂತ್ರ ದುಡ್ಡು ಹಾಕಲು ಯೋಗ್ಯವೇ ಎಂದು ಪರೀಕ್ಷಿಸಿಕೊಳ್ಳಬೇಕು. ನಮ್ಮಲ್ಲಿ ಆಗುವುದು ಇದರ ಉಲ್ಟಾ. ಪ್ಲಗ್, ಕಾಯಿಲ್, ಕಾರ್ಬುರೇಟರ್ ಎಲ್ಲ ಹೊಸತು ಹಾಕಿದ ಮೇಲೆ ಪಿಸ್ಟನ್ ಹೋಗಿದೆ ಎಂದು ತಿಳಿಯುತ್ತದೆ.

ಮೊದಲು ನಿಮ್ಮದು ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ನೋಡಿಕೊಳ್ಳಿ. ಎಂಜಿನ್ನಿನ ಬುಡದಲ್ಲಿ ಆಯಿಲ್ ಹಾಕಲು ಪ್ರತ್ಯೇಕ ಮುಚ್ಚಳವಿದ್ದರೆ ಅದು ಫೋರ್ ಸ್ಟ್ರೋಕ್. ಹೋಂಡಾದ ಜಿಎಕ್ಸ್ 35 ಎಂಜಿನ್ ಕೂರಿಸಿದ ಯಂತ್ರಗಳು ಈ ಜಾತಿಯವು. ಅವಕ್ಕೆ ಬರೀ ಪೆಟ್ರೋಲ್, ಆಯಿಲ್ ಬೇರೆ. ಅಂಥ ಮುಚ್ಚಳ ಇಲ್ಲದಿದ್ದರೆ ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲಿನಲ್ಲೇ ಟೂಟಿ ಆಯಿಲ್ ಬೆರೆಸಬೇಕು. ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಕ್ಯಾನುಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ. ಟೂ ಸ್ಟ್ರೋಕಿಗೆ ಆಯಿಲ್ ಇಲ್ಲದ ಪೆಟ್ರೋಲ್ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಕಚ್ಚಿ ನಿಲ್ಲುತ್ತದೆ.

ಈಗ ಪರೀಕ್ಷೆ. ಸ್ವಿಚ್ ಆಫ್ ಮಾಡಿ ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೊಮ್ಮೆ ಕೈಗೆ ಗಟ್ಟಿ ತಡೆ ಸಿಗಬೇಕು. ಹಗ್ಗ ಸಲೀಸಾಗಿ ಬರುತ್ತಲೇ ಇದ್ದರೆ ಕಂಪ್ರೆಶನ್ ಹೋಗಿದೆ ಎಂದರ್ಥ. ಮೆಕ್ಯಾನಿಕ್ ಬಳಿ ಗೇಜ್ ಇದ್ದರೆ ಇನ್ನೂ ಒಳ್ಳೆಯದು. 100 ಪಿಎಸ್‌ಐ ಮೇಲಿದ್ದರೆ ಚಿಂತೆಯಿಲ್ಲ, 90ಕ್ಕಿಂತ ಕೆಳಗಿದ್ದರೆ ಕಷ್ಟ. ಹೋಂಡಾದಂಥ ಫೋರ್ ಸ್ಟ್ರೋಕಿನಲ್ಲಿ ಹಗ್ಗ ಸುಲಭವಾಗಿ ಎಳೆಯಲೆಂದೇ ಒತ್ತಡ ಬಿಡುವ ವ್ಯವಸ್ಥೆ ಇರುವುದರಿಂದ ಈ ಕೈಪರೀಕ್ಷೆ ಅಲ್ಲಿಗೆ ಹೊಂದದು.

ಟೂ ಸ್ಟ್ರೋಕಿನಲ್ಲಿ ಇನ್ನೊಂದು ಅನುಕೂಲವಿದೆ. ಸೈಲೆನ್ಸರ್ ಬೋಲ್ಟುಗಳನ್ನು ಬಿಚ್ಚಿದರೆ ಹೊಗೆ ಹೋಗುವ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಕಾಣುತ್ತದೆ. ಟಾರ್ಚ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ನೋಡಿ. ಮೈ ನುಣುಪಾಗಿದ್ದು ರಿಂಗ್ ಹೊಳೆಯುತ್ತಿದ್ದರೆ ನೀವು ಗೆದ್ದಿರಿ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದಿದ್ದರೆ ಎಣ್ಣೆ ಸಾಲದೆ ಪಿಸ್ಟನ್ ಉಜ್ಜಿದೆ. ಆಗ ಸಿಲಿಂಡರ್ ಕಿಟ್ಟಿನ ಬೆಲೆ, ಮಜೂರಿ ಕೂಡಿಸಿ ನೋಡಿ. ಹೊಸ ಯಂತ್ರದ ಅರ್ಧ ಬೆಲೆ ದಾಟುವುದಾದರೆ ಬಿಟ್ಟುಬಿಡುವುದೇ ಜಾಣತನ. ಆದರೂ ಗುಜರಿಗೆ ಹಾಕಬೇಡಿ. ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಅದರ ಗೇರ್ ಹೆಡ್, ಹ್ಯಾಂಡಲ್, ಸ್ಟಾರ್ಟರ್ ಆದೀತು.

ಸೈಲೆನ್ಸರ್ ಬಿಚ್ಚಿದಾಗಲೇ ಅದರ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ನೋಡಿ. ಮಸಿ ಕಟ್ಟಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಎಂಜಿನ್ ಸ್ಟಾರ್ಟ್ ಆಗಿಯೂ ಶಕ್ತಿ ಇಲ್ಲದೆ ಏದುಸಿರು ಬಿಡುವುದಕ್ಕೆ ಎಷ್ಟೋ ಬಾರಿ ಈ ಜಾಲರಿಯೇ ಕಾರಣ. ವರ್ಷಗಟ್ಟಲೆ ನೇತುಹಾಕಿದ ಯಂತ್ರವಾದರೆ ಕುಂಬಾರ ಹುಳ ಸೈಲೆನ್ಸರಿನಲ್ಲೋ ಸಿಲಿಂಡರಿನ ರೆಕ್ಕೆಗಳ ಸಂದಿನಲ್ಲೋ ಮಣ್ಣಿನ ಗೂಡು ಕಟ್ಟಿರುವುದುಂಟು. ಗಾಳಿ ಆಡದಿದ್ದರೆ ಎಂಜಿನ್ ಕಾದು ಹೋಗುತ್ತದೆ. ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯಿರಿ.

ಕಿಡಿ ಬರುತ್ತಿದೆಯೇ?

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಹಿಡಿಯಿರಿ. ಪ್ಲಗ್ಗಿನ ತೂತಿನಿಂದ ದೂರ ಇರಲಿ, ಹತ್ತಿರ ಪೆಟ್ರೋಲ್ ಕ್ಯಾನ್ ಬೇಡ. ಸ್ವಿಚ್ ಆನ್ ಮಾಡಿ ಹಗ್ಗ ಎಳೆದಾಗ ಚಟಚಟನೆ ನೀಲಿ ಕಿಡಿ ಹಾರಬೇಕು. ಪ್ಲಗ್ಗಿನ ತುದಿಯ ಅಂತರ ಹೆಚ್ಚಿನ ಯಂತ್ರಗಳಲ್ಲಿ 0.5ರಿಂದ 0.7 ಮಿ.ಮೀ. ಇರುತ್ತದೆ. ಹಳೆ ಪ್ಲಗ್ಗನ್ನು ಉಜ್ಜುತ್ತಾ ಕೂರುವುದಕ್ಕಿಂತ ಅದೇ ನಂಬರಿನ ಹೊಸದು ಹಾಕುವುದು ಮೇಲು.

ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಕಾಯಿಲ್ ಹೋಯಿತೆಂದು ತೀರ್ಮಾನಿಸಬೇಡಿ. ಕಾಯಿಲ್‌ನಿಂದ ಸ್ವಿಚ್ಚಿಗೆ ಹೋಗುವ ತೆಳು ವೈರನ್ನು ಕಳಚಿ ಮತ್ತೆ ಎಳೆದು ನೋಡಿ. ಈಗ ಕಿಡಿ ಬಂದರೆ ಕಾಯಿಲ್ ಸರಿಯಿದೆ, ವೈರ್ ಎಲ್ಲೋ ಸವೆದು ಕಬ್ಬಿಣಕ್ಕೆ ತಾಗುತ್ತಿದೆ. ಹ್ಯಾಂಡಲ್ಲಿನ ಬುಡದಲ್ಲಿ ವೈರ್ ಉಜ್ಜಿಹೋಗುವುದು, ಇಲಿ ಕಡಿಯುವುದು ನಮ್ಮಲ್ಲಿ ಮಾಮೂಲು. ಹೊಸ ವೈರ್ ಎಳೆದರೆ ಕೆಲಸ ಮುಗಿಯಿತು. ಆದರೆ ವೈರ್ ಕಳಚಿಟ್ಟೇ ಯಂತ್ರ ಓಡಿಸಬೇಡಿ. ಆಪತ್ತಿನಲ್ಲಿ ಎಂಜಿನ್ ನಿಲ್ಲಿಸುವ ದಾರಿ ಅದೇ. ಫ್ಲೈವೀಲಿನ ಅಯಸ್ಕಾಂತಕ್ಕೆ ತುಕ್ಕು ಹಿಡಿದಿದ್ದರೆ ಮರಳುಕಾಗದದಿಂದ ತಿಕ್ಕಿ, ಕಾಯಿಲಿಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಸ್ಕ್ರೂ ಬಿಗಿ ಮಾಡಿ. ಸುಮಾರು 0.3 ಮಿ.ಮೀ. ಅಂತರ ಸಿಗುತ್ತದೆ.

ಹಳೆ ಪೆಟ್ರೋಲು, ಅದರ ಕರಾಮತ್ತು

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆಯೇ ಒಂದು ಪದರ ಕಾಣಿಸಿದರೆ ಅದು ನೀರು ಕುಡಿದ ಎಥೆನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಅನೇಕ ಹಳೆ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥೆನಾಲ್ ಶೇ 10 ದಾಟಬಾರದು ಎಂದಿದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಷಾಢದ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕ್ ಇಟ್ಟರೆ ಕೇಳಬೇಕೇ? ನೀರು ಹೆಚ್ಚಾದಾಗ ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟೂಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಎಳೆಯುವುದು ತಳದಿಂದ. ಅಂದರೆ ಎಂಜಿನ್ನಿಗೆ ಎಣ್ಣೆಯಿಲ್ಲದ ನೀರು ಹೋಗುತ್ತದೆ. ಇಂಥ ಪೆಟ್ರೋಲನ್ನು ಕಲಕಿ, ಹೊಸದರ ಜೊತೆ ಬೆರೆಸಿ ಬಳಸುವ ಆಸೆ ಖಂಡಿತ ಬೇಡ.

ಟ್ಯಾಂಕಿನೊಳಗಿನ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಮೇಣದಂತೆ ಅಂಟುತ್ತಿದ್ದರೆ ಬದಲಿಸಿ. ಹೊಸ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಟ್ಯಾಂಕಿನ ಬಿಗಿ ತೂತಿನಲ್ಲಿ ಸುಲಭವಾಗಿ ತೂರುತ್ತದೆ. ಫಿಲ್ಟರ್ ಇರುವ ಪೈಪು ಕಾರ್ಬುರೇಟರಿಗೆ, ಇನ್ನೊಂದು ಪ್ರೈಮರ್ ಗುಂಡಿಯಿಂದ ಟ್ಯಾಂಕಿಗೆ ಹಿಂತಿರುಗುವಂಥದ್ದು. ಅದಲುಬದಲಾದರೆ ಗುಂಡಿ ಎಷ್ಟು ಒತ್ತಿದರೂ ಪೆಟ್ರೋಲ್ ಬಾರದು. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ಕಾರ್ಬುರೇಟರ್ ಬಿಚ್ಚಲು ಬಿಳಿ ಬಟ್ಟೆ ಹಾಸಿದ ಅಗಲ ತಟ್ಟೆ ಇರಲಿ. ಎಲ್, ಎಚ್ ಗುರುತಿನ ಸ್ಕ್ರೂಗಳಿದ್ದರೆ ಮೊದಲು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟು, ಆಮೇಲೆ ಹೊರತೆಗೆಯಿರಿ. ಜೋಡಿಸುವಾಗ ಅಷ್ಟೇ ಸುತ್ತು ಬಿಡಬೇಕು. ಒಂದು ಬದಿಯ ತಗಡು ಮುಚ್ಚಳ ತೆಗೆದರೆ ಕೆಳಗೆ ತೆಳುವಾದ ಕಪ್ಪು ಡಯಾಫ್ರಂ ಕಾಣುತ್ತದೆ. ಒಳ್ಳೆಯದಾದರೆ ಬೆರಳಿನ ಸೋಂಕಿಗೇ ಬಾಗುತ್ತದೆ. ಹಳತಾಗಿದ್ದರೆ ಹಪ್ಪಳದ ಹಾಗೆ ಸೆಟೆದುಕೊಂಡು ಮುಟ್ಟಿದರೆ ಸದ್ದು ಮಾಡುತ್ತದೆ. ಯಂತ್ರದ ರೋಗವೆಲ್ಲ ಸಾಮಾನ್ಯವಾಗಿ ಇಲ್ಲೇ. ಇದು ಅಲುಗಾಡಿದಾಗಲೇ ಅದರ ಕೆಳಗಿನ ಪುಟ್ಟ ಸನ್ನೆ ಏರಿಳಿದು, ಸೂಜಿ ತೆರೆದು ಪೆಟ್ರೋಲ್ ಬಿಡುವುದು. ಸನ್ನೆಯನ್ನು ಹಿಡಿದ ಸ್ಕ್ರೂ ತೆಗೆಯುವಾಗ ಅಡಿಯ ಸ್ಪ್ರಿಂಗ್ ಚಿಮ್ಮುತ್ತದೆ, ಬೆರಳು ಒತ್ತಿಕೊಂಡೇ ಬಿಚ್ಚಿ. ಇನ್ನೊಂದು ಬದಿಯ ಮುಚ್ಚಳದ ಕೆಳಗೆ ಪಂಪ್ ಡಯಾಫ್ರಂ, ಅದರಡಿ ಕಾಳಿನಷ್ಟು ಗಾತ್ರದ ಜಾಲರಿ ಇದೆ. ಹಳೆ ಪೆಟ್ರೋಲಿನ ಅಂಟು ಇಲ್ಲಿ ಕಂದು ಬಣ್ಣದ ಪೊರೆಯಾಗಿ ಕೂತಿರುತ್ತದೆ.

ರಬ್ಬರ್ ಭಾಗಗಳನ್ನೆಲ್ಲ ತೆಗೆದ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಒಂದು ತೂತಿಗೆ ಹೊಡೆದಾಗ ಇನ್ನೊಂದರಲ್ಲಿ ಹೊರಬರಬೇಕು. ಕನ್ನಡಕ ಹಾಕಿಕೊಂಡೇ ಮಾಡಿ, ಕಣ್ಣಿಗೆ ಸಿಡಿಯುತ್ತದೆ. ತೂತುಗಳಿಗೆ ತಂತಿ ಚುಚ್ಚಬೇಡಿ, ಅಳತೆ ಕೆಡುತ್ತದೆ. ಆಮೇಲೆ ಕಾರ್ಬುರೇಟರಿನ ಮೈಮೇಲಿರುವ ನಂಬರ್ ಹೇಳಿ ರಿಪೇರಿ ಕಿಟ್ ತರಿಸಿ. ಡಯಾಫ್ರಂ, ಗ್ಯಾಸ್ಕೆಟ್, ಸೂಜಿ ಎಲ್ಲ ಬರುತ್ತದೆ. ಗ್ಯಾಸ್ಕೆಟ್ ಮೊದಲೋ ಡಯಾಫ್ರಂ ಮೊದಲೋ ಎಂಬ ಕ್ರಮ ಎರಡು ಬದಿಯಲ್ಲೂ ಒಂದೇ ಅಲ್ಲ. ಫೋಟೊ ನೋಡಿಯೇ ಜೋಡಿಸಿ.

ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪುಡಿಪುಡಿಯಾಗುತ್ತಿದ್ದರೆ ಹೊಸದೇ ಬೇಕು.

ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸುವುದು ಅಂದಾಜಿನ ಕೆಲಸವಲ್ಲ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ನಿಮ್ಮ ಯಂತ್ರದ್ದು ಯಾವುದೆಂದು ಕೈಪಿಡಿಯಲ್ಲೋ ಟ್ಯಾಂಕಿನ ಮುಚ್ಚಳದಲ್ಲೋ ಇರುತ್ತದೆ. ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಬೆರೆಸಿ.

ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಬಿಸಿಯಾಗಲು ಬಿಡಿ. ಐದು ನಿಮಿಷ ಓಡಿ ನಿಂತುಹೋಗಿ, ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಮತ್ತೆ ಸರಿಯಾಗುತ್ತಿದ್ದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಎಂಜಿನ್ ನಿಧಾನಗತಿಯಲ್ಲಿರುವಾಗ ಬ್ಲೇಡ್ ತಿರುಗಕೂಡದು. ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಇಳಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿದೆ, ಅದನ್ನು ಬದಲಿಸುವವರೆಗೆ ತೋಟಕ್ಕೆ ಒಯ್ಯಬೇಡಿ. ಎಚ್ ಸ್ಕ್ರೂ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ವೇಗ ಹೆಚ್ಚಲೆಂದು ಅದನ್ನು ಬಿಗಿ ಮಾಡಬೇಡಿ. ಪೆಟ್ರೋಲ್ ಕಡಿಮೆಯಾದರೆ ಅದರೊಂದಿಗೆ ಎಣ್ಣೆಯೂ ಕಡಿಮೆಯಾಗುತ್ತದೆ, ಉಳಿಸಿಕೊಂಡ ಪಿಸ್ಟನ್ ಒಂದೇ ದಿನದಲ್ಲಿ ಹೋಗುತ್ತದೆ.

ಗೇರ್ ಹೆಡ್ಡಿನ ಸ್ಕ್ರೂ ತೆಗೆದು ಗ್ರೀಸ್ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತೆಗೆದು ಹೊಸದು ತುಂಬಿ. ಬ್ಲೇಡ್ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಬೇರಿಂಗ್ ಸವೆದಿದೆ. ಬ್ಲೇಡಿನ ನಟ್ಟು ಸಾಮಾನ್ಯವಾಗಿ ಎಡಮರೆಯದ್ದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮರೆ ಹಾಳುಮಾಡಿದ್ದಾರೆ. ವರ್ಷಗಟ್ಟಲೆ ಇಟ್ಟು ಒಣಗಿದ ನೈಲಾನ್ ದಾರ ಪಟಪಟ ತುಂಡಾಗುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಹಾಕಿದರೆ ಮತ್ತೆ ಮೆದುವಾಗಿ ಬಾಳುತ್ತದೆ.

ಕಳಚಿಟ್ಟ ಗಾರ್ಡನ್ನು ಮರಳಿ ಹಾಕದೆ ಕಳೆ ಹೊಡೆಯಬೇಡಿ. ಕನ್ನಡಕ, ಗಮ್‌ಬೂಟು ಇರಲಿ, ಹದಿನೈದು ಮೀಟರಿನೊಳಗೆ ಬೇರೆ ಯಾರೂ ಬೇಡ. ಅಡಿಕೆ ಸಸಿಯ ಬುಡ, ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ದಾರ ತಾಗದಂತೆ ಒಂದೊಂದೂವರೆ ಅಡಿ ಬಿಟ್ಟು, ಅಲ್ಲಿ ಕತ್ತಿಯಲ್ಲೇ ಸವರಿಸಿ.

ಈ ಸಲ ಕಳೆ ಹೊಡೆದು ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಯಂತ್ರವನ್ನು ಒಣ ಜಾಗದಲ್ಲಿಡಿ. ಕೆಲಸಕ್ಕೆ ಬಂದವರ ಕೈಲಿ ಯಂತ್ರ ಕೊಡುವವರು ಅವರಿಗೂ ಇದನ್ನು ಹೇಳಿಕೊಡಿ.