ಕೂಸಿಗೆ ಧೈರ್ಯ ಎಲ್ಲಿಂದ ಬರುತ್ತದೆ?



ಗ್ರಾಮಸೇವಕ ಬಂದನೆಂದರೆ ಗೊಬ್ಬರದ ಮಾತು, ಬೀಜದ ಮಾತು, ಇಲ್ಲವೆ ಕಾಂಪೋಸ್ಟ್ ಗುಂಡಿಯ ಮಾತು ಎಂದು ತಾವೆಲ್ಲ ತಿಳಿದಿದ್ದೀರಿ. ಕೃಷಿ ಡಿಪ್ಲೊಮಾ ಓದಿ ಬಂದ, ಇನ್ನೂ ಮೂವತ್ತು ತುಂಬದ ನನ್ನಂಥವನು ಕೂಸು ಸಾಕುವ ವಿಷಯ ಬರೆಯುವುದನ್ನು ಕಂಡು ಮನೆಯ ಹಿರಿಯ ಹೆಂಗಸರು ನಕ್ಕರೂ ನಗಬಹುದು. ನಗಲಿ. ಕೂಸಿಗೆ ಎಣ್ಣೆನೀರು ಎರೆಯುವುದನ್ನಾಗಲಿ, ತೊಟ್ಟಿಲು ಕಟ್ಟುವುದನ್ನಾಗಲಿ ಅವರಿಗೆ ಕಲಿಸಲು ನಾನು ಹೊರಟಿಲ್ಲ. ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ತಿಳಿದವರು ಕೂಸಿನ ಮನಸ್ಸನ್ನು ಕುರಿತು ಕಂಡುಕೊಂಡ ಕೆಲವು ಸಂಗತಿಗಳಿವೆ. ಅವು ನಮ್ಮ ಹೊಲಮನೆಯ ಬದುಕಿಗೆ ಹೇಗೆ ಹೊಂದುತ್ತವೆ ಎಂಬುದನ್ನಷ್ಟೆ ಇಲ್ಲಿ ಹೇಳುತ್ತೇನೆ. ಇದನ್ನು ಗಂಡಸರು ಓದಬೇಕೆಂಬುದು ನನ್ನ ವಿಶೇಷ ಪ್ರಾರ್ಥನೆ. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ.

ಭತ್ತದ ಸಸಿ ಒಟ್ಲಿನಲ್ಲಿ ಇರುವುದು 21ರಿಂದ 25 ದಿನ. ಪೈರಿನ ಆಯುಸ್ಸಿನಲ್ಲಿ ಅದು ಹೆಚ್ಚು ಕಡಿಮೆ ಐದರಲ್ಲೊಂದು ಪಾಲು. ಆದರೂ ಒಟ್ಲಿನಲ್ಲಿ ನೀರು ತಪ್ಪಿ ಬಡವಾದ ಸಸಿ ಗದ್ದೆಗೆ ಹೋದ ಮೇಲೆ ಚೆನ್ನಾಗಿ ತೆಂಡೆ ಒಡೆಯುವುದಿಲ್ಲ. ಆಮೇಲೆ ಎಷ್ಟು ಗೊಬ್ಬರ ಚೆಲ್ಲಿದರೂ ಅದು ಅಷ್ಟಕ್ಕಷ್ಟೆ. ಕೂಸಿನ ಮೊದಲ ಎರಡು ಮೂರು ವರ್ಷಗಳನ್ನು ಒಟ್ಲಿನ ಕಾಲ ಎನ್ನಬಹುದು. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಡೋಣ. ಪೈರಿಗೆ ನೀರು ಗೊಬ್ಬರ ಸಿಕ್ಕಿದರೆ ಸಾಕು. ಹಾಕಿದವನು ಯಾರೆಂದು ಅದು ನೋಡುವುದಿಲ್ಲ. ಕೂಸು ನೋಡುತ್ತದೆ.

ಹೊಟ್ಟೆ ತುಂಬಿಸುವುದರಿಂದಲೇ ಕೂಸು ತಾಯಿಗೆ ಅಂಟಿಕೊಳ್ಳುತ್ತದೆ, ಹಾಲಿನ ಆಸೆಗೇ ಅದು ಸೆರಗು ಹಿಡಿಯುತ್ತದೆ ಎಂದು ಹಿಂದೆ ದೊಡ್ಡ ವಿದ್ವಾಂಸರೇ ನಂಬಿದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೊ ಎಂಬುವರು ಇದನ್ನು ಮಂಗನ ಮರಿಗಳಲ್ಲಿ ಪರೀಕ್ಷಿಸಿ 1958ರಲ್ಲಿ ಫಲವನ್ನು ಪ್ರಕಟಿಸಿದರು. ತಾಯಿಯಿಂದ ಬೇರ್ಪಡಿಸಿದ ಮರಿಗಳ ಮುಂದೆ ಎರಡು ಬೊಂಬೆಗಳು. ಒಂದು ಬರಿಯ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಸೀಸೆ ತಂತಿಯ ಬೊಂಬೆಯಲ್ಲಿದ್ದರೂ ಮರಿ ಹಸಿದಾಗ ಅಲ್ಲಿ ಕುಡಿದು, ಮಿಕ್ಕ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ತಬ್ಬಿಕೊಂಡಿರುತ್ತಿತ್ತು. ಬೆದರಿದಾಗ ಓಡಿದ್ದೂ ಅದರ ಬಳಿಗೇ. ಆ ಮೂಕ ಮರಿಗಳು ಪಟ್ಟ ಹಿಂಸೆಯನ್ನು ನೆನೆದರೆ ಆ ಪ್ರಯೋಗ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಬೊಂಬೆಯ ಬಳಿ ಬೆಳೆದವು ದೊಡ್ಡವಾದ ಮೇಲೆ ತಮ್ಮ ಜಾತಿಯವುಗಳೊಡನೆ ಹೊಂದಿ ಬಾಳಲಾರದೆ ಹೋದವು. ಆದರೆ ಹಾಲು ಬೇರೆ, ಆಸರೆ ಬೇರೆ ಎಂಬುದು ಅದರಿಂದ ಜಗತ್ತಿಗೆ ತಿಳಿಯಿತು.

ಅದಕ್ಕೂ ಮೊದಲು, 1951ರಲ್ಲಿ, ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿ ಬರೆದಿದ್ದರು. ತಾಯಿಯ, ಇಲ್ಲವೆ ಆಕೆಯ ಸ್ಥಾನದಲ್ಲಿ ನಿಂತು ಸಾಕುವವರ ಅಕ್ಕರೆ ಕಡಿಯದೆ ದೊರೆಯುವುದು ಕೂಸಿನ ಮನಸ್ಸಿನ ಆರೋಗ್ಯಕ್ಕೆ ಅವಶ್ಯವೆಂದು ಅವರು ಅದರಲ್ಲಿ ವಾದಿಸಿದರು. ‘ಆಕೆಯ ಸ್ಥಾನದಲ್ಲಿ’ ಎಂಬ ಮಾತನ್ನು ಗಮನಿಸಬೇಕು. ಅಜ್ಜಿ, ದೊಡ್ಡಮ್ಮ, ಸೋದರತ್ತೆ, ಅಪ್ಪ, ಯಾರೇ ಆಗಲಿ, ದಿನವೂ ಇದ್ದು ಅಕ್ಕರೆಯಿಂದ ನೋಡಿಕೊಳ್ಳುವವರನ್ನು ಕೂಸು ತನ್ನವರೆಂದು ಹಿಡಿದುಕೊಳ್ಳುತ್ತದೆ. ಒಬ್ಬರಿಗಿಂತ ಹೆಚ್ಚು ಮಂದಿಯನ್ನೂ ಹಿಡಿದುಕೊಳ್ಳಬಲ್ಲದು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಳೆಂಟು ತಿಂಗಳ ಹೊತ್ತಿಗೆ ಕೂಸಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬುದು ಖಚಿತವಾಗುತ್ತದೆ. ಅಲ್ಲಿಯವರೆಗೆ ಯಾರೆತ್ತಿಕೊಂಡರೂ ನಗುತ್ತಿದ್ದುದು ಈಗ ನೆಂಟರನ್ನು ಕಂಡು ಅಳುತ್ತದೆ. ತಾಯಿ ಬಾಗಿಲು ದಾಟಿದರೆ ಚೀರುತ್ತದೆ. ‘ಯಾರ ಕಣ್ಣು ಬಿತ್ತೋ’ ಎಂದು ನಿವಾಳಿಸುವುದುಂಟು. ಇದು ರೋಗವೂ ಅಲ್ಲ, ದೃಷ್ಟಿಯೂ ಅಲ್ಲ. ಬುದ್ಧಿ ಬೆಳೆಯುತ್ತಿರುವುದರ ಗುರುತು. ಕೆಲವು ತಿಂಗಳು ಹೀಗಿದ್ದು ಮೆಲ್ಲಗೆ ಇಳಿಯುತ್ತದೆ.

ಎಳೆಗರು ಬಯಲಿನಲ್ಲಿ ಹೇಗೆ ಆಡುತ್ತದೆಂಬುದನ್ನು ತಾವು ದಿನವೂ ನೋಡುತ್ತೀರಿ. ಬಾಲ ಎತ್ತಿ ಹತ್ತು ಮಾರು ಓಡುತ್ತದೆ, ನಿಲ್ಲುತ್ತದೆ, ತಿರುಗಿ ತಾಯಿಯನ್ನು ನೋಡುತ್ತದೆ. ನಾಯಿ ಬೊಗಳಿದರೆ ಒಂದೇ ಓಟಕ್ಕೆ ಬಂದು ಕೆಚ್ಚಲಿಗೆ ಮೂತಿ ಇಡುತ್ತದೆ. ಮತ್ತೆ ಓಡುತ್ತದೆ, ಈ ಸಲ ಹದಿನೈದು ಮಾರು. ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಕೂಸುಗಳಲ್ಲಿಯೂ ಇದನ್ನೇ ಕಂಡರು. ಆಕೆ 1954-55ರಲ್ಲಿ ಆಫ್ರಿಕದ ಉಗಾಂಡಾದಲ್ಲಿ, ಕಂಪಾಲಾ ಪಟ್ಟಣದ ಸಮೀಪದ ಹಳ್ಳಿಗಳಲ್ಲಿ 26 ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಕುಳಿತು, ತಾಯಂದಿರು ಕೂಸುಗಳನ್ನು ಸಾಕುವ ಬಗೆಯನ್ನು ತಿಂಗಳುಗಟ್ಟಲೆ ನೋಡಿದರು. ತಾಯಿಯ ಮೇಲೆ ಭರವಸೆಯಿದ್ದ ಕೂಸು ಹತ್ತಿರ ತಾಯಿಯಿದ್ದಾಗ ಧೈರ್ಯವಾಗಿ ಅಂಬೆಗಾಲಿಟ್ಟು ಹೋಗಿ ಮನೆಯ ಮೂಲೆ ಮೂಲೆ ತಡವುತ್ತಿತ್ತು, ಆಗಾಗ ಬಂದು ಮುಟ್ಟಿ ಹೋಗುತ್ತಿತ್ತು, ಅಳುವುದು ಕಡಿಮೆ. ಭರವಸೆಯಿಲ್ಲದ ಕೂಸು ಸೊಂಟದ ಮೇಲಿದ್ದರೂ ಅಳುತ್ತಿತ್ತು. ಕೂಸಿನ ಸೂಕ್ಷ್ಮಗಳನ್ನು ಚೆನ್ನಾಗಿ ಬಲ್ಲ, ಅದರ ವಿಷಯ ಕೇಳಿದರೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ ತಾಯಂದಿರ ಕೂಸುಗಳೇ ಹೆಚ್ಚು ನೆಮ್ಮದಿಯಿಂದಿದ್ದವು. ಧೈರ್ಯದ ಮಗುವಾಗಲೆಂದು ಎಳೆತನದಲ್ಲೇ ದೂರ ತಳ್ಳುವವರು ಇದನ್ನು ಯೋಚಿಸಬೇಕು. ಮರಳಿ ಬರಲು ಜಾಗವಿದೆಯೆಂದು ಗೊತ್ತಿದ್ದ ಕರುವೇ ದೂರ ಓಡುವುದು.

‘ಎತ್ತೆತ್ತಿ ರೂಢಿ ಮಾಡ್ಬೇಡ, ಆಮೇಲೆ ಕೆಳಗೇ ಇಳಿಯಾಕಿಲ್ಲ’ ಎಂಬ ಮಾತು ಪ್ರತಿ ಊರಿನಲ್ಲಿಯೂ ಉಂಟು. ಐನ್ಸ್‌ವರ್ತ್ ಮತ್ತು ಸಿಲ್ವಿಯಾ ಬೆಲ್ ಎಂಬಾಕೆ ಮುಂದೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 26 ಕೂಸುಗಳನ್ನು ಒಂದು ವರ್ಷ ನೋಡಿ 1972ರಲ್ಲಿ ಬರೆದದ್ದು ಇದಕ್ಕೆ ತಿರುಗಾಮುರುಗ. ಮೊದಲ ತಿಂಗಳುಗಳಲ್ಲಿ ಅತ್ತೊಡನೆ ಎತ್ತಿಕೊಂಡ ಕೂಸುಗಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು, ಅಳುವಿಗೆ ಬದಲು ಸನ್ನೆಯಿಂದ, ಮುಖಭಾವದಿಂದ ಕೇಳುವುದನ್ನು ಕಲಿತಿದ್ದವು. ಈ ಲೆಕ್ಕವನ್ನು ಒಪ್ಪದ ಪಂಡಿತರೂ ಆಮೇಲೆ ಬಂದಿದ್ದಾರೆ. ಪ್ರತಿ ಕುಸುಗುಟ್ಟುವಿಕೆಗೂ ಓಡಬೇಕಾಗಿಲ್ಲ ಎಂಬುದು ಅವರ ಮತ. ಅದು ಇರಲಿ. ನಾಲ್ಕು ತಿಂಗಳ ಕೂಸಿಗೆ ಹಠ ಮಾಡುವಷ್ಟು ಯುಕ್ತಿಯಿಲ್ಲ ಎಂಬಲ್ಲಿ ಭಿನ್ನಾಭಿಪ್ರಾಯ ಕಾಣೆ. ಅಷ್ಟು ಸಣ್ಣ ಕೂಸನ್ನು ‘ಅತ್ತು ಅತ್ತು ಸುಮ್ಮನಾಗಲಿ’ ಎಂದು ಬಿಡಕೂಡದು.

ಈಗ ನಮ್ಮ ಊರುಗಳಿಗೆ ಬರೋಣ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ತಾಯಿ ಹೊಲಕ್ಕೆ ಹೋಗಲೇಬೇಕು. ಹೋಗಬೇಡಿ ಎಂದು ಹೇಳುವವನಿಗೆ ಹಳ್ಳಿಯ ಸಂಸಾರ ತಿಳಿಯದು. ಹೋಗುವುದರಿಂದ ಕೂಸಿಗೆ ಕೇಡಿಲ್ಲ, ಹೋಗುವ ಬಗೆಯಲ್ಲಿದೆ. ಬಹಳ ಮನೆಗಳಲ್ಲಿ ಕೂಸು ಅಳುತ್ತದೆಂದು ಅದನ್ನು ಅತ್ತ ತಿರುಗಿಸಿ, ಕಾಗೆ ತೋರಿಸಿ, ಹಿತ್ತಿಲ ಬಾಗಿಲಿನಿಂದ ತಾಯಿ ಜಾರಿಕೊಳ್ಳುತ್ತಾಳೆ. ಆ ಹೊತ್ತಿಗೆ ಅಳು ತಪ್ಪಿತು ನಿಜ. ಆದರೆ ಕೂಸಿನ ಕಡೆಯಿಂದ ನೋಡಿ: ಅಮ್ಮ ಯಾವ ಗಳಿಗೆಯಲ್ಲಿ ಮಾಯವಾಗುತ್ತಾಳೋ ಹೇಳಲಾಗದು. ಆಮೇಲೆ ಅದು ಕಾಗೆಯನ್ನೂ ನೋಡುವುದಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಂಡೇ ಮಲಗುತ್ತದೆ. ಆದುದರಿಂದ ಮುಖ ತೋರಿಸಿ, ‘ಹೊಲಕ್ಕೆ ಹೋಗಿ ಬರ್ತೀನಿ ಕಂದ, ಅಜ್ಜಿ ಹತ್ರ ಇರು’ ಎಂದು ಹೇಳಿಯೇ ಹೋಗುವುದು ಲೇಸು. ಮಾತು ಬಾರದ ಕೂಸಿಗೂ ಹೇಳಬೇಕು. ದನಿ ಅದಕ್ಕೆ ತಿಳಿಯುತ್ತದೆ. ಅಳುತ್ತದೆ, ಅಳಲಿ, ಅಜ್ಜಿಯ ತೋಳಿನಲ್ಲಿ ಸ್ವಲ್ಪ ಹೊತ್ತಿಗೆ ಸಮಾಧಾನವಾಗುತ್ತದೆ. ದಿನವೂ ಒಬ್ಬರೇ ನೋಡಿಕೊಳ್ಳುವಂತಿರಲಿ. ಇಂದು ಪಕ್ಕದ ಮನೆ, ನಾಳೆ ಎದುರು ಮನೆ ಎಂದಾಗಬಾರದು. ಸಂಜೆ ಬಂದೊಡನೆ, ಹುಲ್ಲಿನ ಹೊರೆ ಇಳಿಸಿ ಕೈಕಾಲು ತೊಳೆದು, ಒಲೆ ಹೊತ್ತಿಸುವುದಕ್ಕೆ ಮುಂಚೆ ಕಾಲು ಗಂಟೆ ಕೂಸನ್ನು ಎತ್ತಿಕೊಂಡು ಕೂರಲಿ. ಅಷ್ಟು ಹೊತ್ತು ಒಲೆ ಹೊತ್ತಿಸುವ ಕೆಲಸ ಗಂಡ ಮಾಡಿದರೆ ಯಾವ ಮಾನವೂ ಹೋಗುವುದಿಲ್ಲ.

ಸೆರಗಿನಿಂದ ಮುಖ ಮುಚ್ಚಿ, ಮತ್ತೆ ತೆಗೆದು ನಗಿಸುವ ಆಟವನ್ನು ನಮ್ಮ ಅಜ್ಜಿಯರು ಬಲು ಹಿಂದಿನಿಂದ ಆಡಿಸುತ್ತ ಬಂದಿದ್ದಾರೆ. ಮರೆಯಾದ ಮುಖ ತಿರುಗಿ ಬರುತ್ತದೆ ಎಂಬ ಪಾಠ ಅದರಲ್ಲಿದೆ.

ಇನ್ನು ಮೊಲೆ ಬಿಡಿಸುವ ವಿಷಯ. ಎರಡನೆಯ ಬಸಿರು ನಿಂತಿತೆಂದು ತಿಳಿದೊಡನೆ ಬೇವಿನ ರಸ ಹಚ್ಚಿ, ಅದಕ್ಕೂ ಬಗ್ಗದಿದ್ದರೆ ಮೊದಲ ಮಗುವನ್ನು ಅಜ್ಜಿಯ ಊರಿಗೆ ಕಳುಹಿಸುವ ಪದ್ಧತಿ ನಮ್ಮಲ್ಲಿ ಉಂಟು. ಸೋಜಿಗವೆಂದರೆ ಉಗಾಂಡಾದ ಆ ಹಳ್ಳಿಗಳಲ್ಲಿಯೂ ಮೊಲೆ ಮರೆಯಲೆಂದು ಮಗುವನ್ನು ಅಜ್ಜಿಯ ಮನೆಗೆ ಕಳುಹಿಸುವ ವಾಡಿಕೆ ಇತ್ತು. ಐನ್ಸ್‌ವರ್ತ್ ಅದನ್ನೇ ನೋಡಬೇಕೆಂದಿದ್ದರು. ಆಕೆ ಹೋಗುವ ಹೊತ್ತಿಗೆ ಬಹುಪಾಲು ಮನೆಗಳು ಅದನ್ನು ಬಿಟ್ಟಿದ್ದವು. ಮಗುವಿನ ಪಾಲಿಗೆ ಅದರ ಅರ್ಥವೇನೆಂದು ಯೋಚಿಸಿ. ಒಂದೇ ವಾರದಲ್ಲಿ ಹಾಲು ಹೋಯಿತು, ಅಮ್ಮ ಹೋದಳು, ಮನೆ ಹೋಯಿತು. ತಿಂಗಳ ಮೇಲೆ ತಿರುಗಿ ಬಂದರೆ ಅಮ್ಮನ ಮಗ್ಗುಲಲ್ಲಿ ಬೇರೊಂದು ಕೂಸು.

ಇಂಥ ಅಗಲಿಕೆಯಲ್ಲಿ ಮಗುವಿಗೆ ಏನಾಗುತ್ತದೆಂಬುದನ್ನು ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಚಲನಚಿತ್ರವಾಗಿಯೇ ತೋರಿಸಿದರು. ಎರಡು ವರ್ಷದ ಒಂದು ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ತಂದೆತಾಯಿ ಜೊತೆಯಲ್ಲಿರುವಂತಿಲ್ಲ, ಆಗಿನ ಕಟ್ಟಳೆ ಹಾಗಿತ್ತು. ಹೀಗೆ ಅಗಲಿದ ಮಕ್ಕಳು ಮೊದಲು ಅಳುತ್ತಾರೆ, ಚೀರುತ್ತಾರೆ. ಆಮೇಲೆ ಮಂಕಾಗುತ್ತಾರೆ. ಇನ್ನೂ ದಿನ ಕಳೆದರೆ ಸುಮ್ಮನಾಗಿ, ಯಾರು ಬಂದರೂ ಹೋದರೂ ಒಂದೇ ಎಂಬಂತೆ ಇರುತ್ತಾರೆ. ‘ಹೊಂದಿಕೊಂಡಿತು, ಈಗ ಅಳುವುದಿಲ್ಲ’ ಎಂದು ನಾವು ಸಂತೋಷಪಡುವುದು ಈ ಮೂರನೆಯ ಹಂತವನ್ನು ಕಂಡೇ. ತಾಯಿಯನ್ನು ಕಂಡಾಗ ಆ ಮಗು ಓಡಿ ಬರುವುದಿಲ್ಲ, ಮುಖ ತಿರುಗಿಸುತ್ತದೆ. ‘ನೋಡು, ಎಷ್ಟು ಸೊಕ್ಕು’ ಎನ್ನುತ್ತಾರೆ. ಸೊಕ್ಕಲ್ಲ, ನೋವು. ಇಂಗ್ಲೆಂಡಿನಲ್ಲಿ 1959ರ ಒಂದು ಸರ್ಕಾರಿ ಸಮಿತಿಯ ವರದಿಯ ತರುವಾಯ ಆಸ್ಪತ್ರೆಗಳು ಮೆಲ್ಲಮೆಲ್ಲನೆ ತಾಯಂದಿರಿಗೆ ಬಾಗಿಲು ತೆರೆದವು.

ಆದಕಾರಣ, ಹೆರಿಗೆಗೆ ತಾಯಿ ತವರಿಗೆ ಹೋಗುವಾಗ ಮೊದಲ ಮಗುವನ್ನೂ ಜೊತೆಗೆ ಕರೆದೊಯ್ಯಲಿ. ಆಗದಿದ್ದರೆ ಅದು ತನ್ನ ಮನೆಯಲ್ಲೇ, ತನಗೆ ಚೆನ್ನಾಗಿ ರೂಢಿಯಿರುವವರ ಬಳಿ ಇರಲಿ. ಅಪ್ಪ ಎರಡು ದಿನಕ್ಕೊಮ್ಮೆ ಕರೆದುಕೊಂಡು ಹೋಗಿ ತಾಯಿಯನ್ನು ತೋರಿಸಿ ಬರಲಿ. ಫೋನಿನಲ್ಲಿ ಮುಖ ತೋರಿಸುವ ಅನುಕೂಲ ಈಗಿದೆ. ಅದು ಏನೂ ಇಲ್ಲದ್ದಕ್ಕಿಂತ ವಾಸಿ, ತೋಳಿಗೆ ಸಾಟಿಯಲ್ಲ. ಮೊಲೆ ಬಿಡಿಸುವುದನ್ನು ಒಂದೇ ದಿನಕ್ಕೆ ಮಾಡದೆ, ಹಗಲಿನ ಒಂದು ಹೊತ್ತು, ಆಮೇಲೆ ಇನ್ನೊಂದು ಹೊತ್ತು ಎಂದು ವಾರಗಟ್ಟಲೆ ಇಳಿಸುತ್ತ ಬರಬೇಕು. ಎರಡು ವರ್ಷ ಮತ್ತು ಅದಕ್ಕೂ ಮೇಲೆ ಎದೆಹಾಲು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಆತುರಕ್ಕೆ ಕಾರಣವಿಲ್ಲ. ಬಸಿರಿನಲ್ಲಿ ತೊಂದರೆಯೇನಾದರೂ ಇದ್ದರೆ ಆರೋಗ್ಯ ಕೇಂದ್ರದ ಸಹಾಯಕಿಯನ್ನು ಕೇಳಿ ಮುಂದುವರಿಯಿರಿ.

‘ಗುಮ್ಮ ಬತ್ತಾನೆ, ಇಡ್ಕೊಂಡೋಯ್ತಾನೆ’, ‘ಊಟ ಮಾಡ್ದಿದ್ರೆ ಬುಡುಬುಡುಕೆಯವನಿಗೆ ಕೊಟ್ಬುಡ್ತೀನಿ’, ಇವು ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತುಗಳು. ದೊಡ್ಡವರಿಗೆ ಅದು ತಮಾಷೆ. ಎರಡು ವರ್ಷದ ಮಗುವಿಗೆ ತಮಾಷೆ ತಿಳಿಯದು. ಕೊಟ್ಟುಬಿಡುವರೆಂದರೆ ಕೊಟ್ಟುಬಿಡುವರೆಂದೇ ಅದು ನಂಬುತ್ತದೆ. ತನ್ನನ್ನು ಕಾಯಬೇಕಾದವಳೇ ಹೆದರಿಸಿದರೆ, ಹೆದರಿದ ಮಗು ಓಡಬೇಕಾದ್ದು ಯಾರ ಬಳಿಗೆ? ಹೊಡೆಯುವ ತಂದೆಯ ವಿಷಯವೂ ಇದೇ. ಸಂಜೆ ಕುಡಿದು ಬಂದು ಪಾತ್ರೆ ಎಸೆದು ಹೆಂಡತಿಯ ಮೇಲೆ ಕೈಮಾಡುವವನು, ಕೂಸು ತೊಟ್ಟಿಲಲ್ಲಿ ಮಲಗಿದೆ, ಅದಕ್ಕೇನು ತಿಳಿಯುತ್ತದೆ ಎಂದುಕೊಂಡಿರುತ್ತಾನೆ. ತಿಳಿಯುತ್ತದೆ. ಮಾತು ಬರುವ ಮುಂಚೆಯೇ ಅದು ಹೆಜ್ಜೆಯ ಸದ್ದು ಗುರುತಿಸಲು ಕಲಿತಿರುತ್ತದೆ. ಹೊಲದಲ್ಲಿ ಮೈಮುರಿದು ದುಡಿದು ಮಕ್ಕಳ ಓದಿಗೆ ಸಾಲ ಮಾಡುವ ತಂದೆಯೇ ಇದನ್ನೂ ಮಾಡುತ್ತಾನೆಂಬುದು ನನಗೆ ಅರ್ಥವಾಗದ ಸಂಗತಿ. ಅದೇ ತಂದೆ ದಿನಕ್ಕೆ ಅರ್ಧ ಗಂಟೆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ದನದ ಕೊಟ್ಟಿಗೆ ಸುತ್ತಿಸಿದರೆ, ಅದಕ್ಕೆ ಕಾಸು ಖರ್ಚಿಲ್ಲ.

ಅಜ್ಜಿಯಿಲ್ಲದ ಮನೆಗಳೂ, ಕೂಲಿಗೆಂದು ಊರು ಬಿಡುವ ಸಂಸಾರಗಳೂ ಇವೆ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಆರಂಭವಾದ ಅಂಗನವಾಡಿ ಇಂದು ಊರೂರಿನಲ್ಲಿದೆ. ಆದರೆ ಅಲ್ಲಿಯ ಪಾಠ ಆಟ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರನ್ನು ಹಗಲು ನೋಡಿಕೊಳ್ಳಲೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರಲ್ಲಿ ಬಂತು. ತಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಕೂಸನ್ನು ಅಲ್ಲಿಗೆ ಬಿಡುವಾಗ ಮೊದಲ ಕೆಲವು ದಿನ ತಾಯಿ ಜೊತೆಗೆ ಕುಳಿತಿದ್ದು, ನೋಡಿಕೊಳ್ಳುವಾಕೆಯ ಪರಿಚಯವಾದ ಮೇಲೆ ಹೊತ್ತು ಹೆಚ್ಚಿಸುತ್ತ ಹೋಗಬೇಕು.

‘ನಮ್ಮ ಹುಡುಗನನ್ನು ಆಗಲೇ ಕಳುಹಿಸಿದ್ದೆವಲ್ಲ, ಈಗೇನು ಗತಿ’ ಎಂದು ಯಾರಾದರೂ ಕೇಳಿಯಾರು. ರುಮೇನಿಯಾ ದೇಶದ ಬುಕಾರೆಸ್ಟ್ ನಗರದ ಅನಾಥಾಲಯಗಳಲ್ಲಿದ್ದ 136 ಮಕ್ಕಳನ್ನು 2000ದ ಇಸವಿಯ ಈಚೆಗೆ ಅಭ್ಯಾಸ ಮಾಡಿದವರು, ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಿದರು. ಎರಡು ವರ್ಷದೊಳಗೆ ಮನೆ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ತಡವಾಗಿ ಸೇರಿದವರಲ್ಲಿಯೂ ಸುಧಾರಣೆ ಕಂಡಿತು. ಅವರದು ನಮ್ಮ ಮಕ್ಕಳಿಗೆ ಬಂದುದಕ್ಕಿಂತ ಎಷ್ಟೋ ಪಾಲು ದೊಡ್ಡ ಕಷ್ಟ. ಅಜ್ಜಿಯ ಊರಿನಿಂದ ಬಂದ ಹುಡುಗ ಮುಖ ತಿರುಗಿಸಿದರೆ ಬೈಯದೆ, ಎಳೆದಾಡದೆ, ಹತ್ತಿರದಲ್ಲೇ ಕೆಲಸ ಮಾಡುತ್ತ ಇರಿ. ಕೆಲವು ದಿನಗಳ ಮೇಲೆ ಅವನು ಮತ್ತೆ ಹಾಸಿಗೆ ಒದ್ದೆ ಮಾಡಿ, ಸೆರಗು ಬಿಡದೆ, ಸಣ್ಣ ಕೂಸಿನಂತೆ ಕಾಡಿಯಾನು. ಕಾಡಲಿ, ಅದು ಒಳ್ಳೆಯ ಲಕ್ಷಣ. ರಾತ್ರಿ ಹೊಸ ಕೂಸು ಒಂದು ಮಗ್ಗುಲಿಗಾದರೆ, ಅವನಿಗೂ ಇನ್ನೊಂದು ಮಗ್ಗುಲಲ್ಲಿ ಜಾಗ ಮಾಡಿ ಕೊಡಿ.