ಛಾಪಾ ಕಾಗದದ ಬಿಡುಗಡೆ

ಪ್ರಶ್ನೆ: ಎಂಟು ತಿಂಗಳಿಂದ ತವರಲ್ಲಿದ್ದೇನೆ. ಹಿರಿಯರು ಪಂಚಾಯ್ತಿ ಮಾಡಿ, ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿ ಸಹಿ ಹಾಕಿಸಿಕೊಂಡರು. ಇನ್ನು ಏನನ್ನೂ ಕೇಳಬಾರದಂತೆ. ಅಣ್ಣ ಬೇರೆ ಸಂಬಂಧ ನೋಡುತ್ತಿದ್ದಾನೆ. ನನ್ನ ಮದುವೆ ಮುಗಿಯಿತೇ?
- ಓದುಗರು, ಅಮ್ಮಸಂದ್ರ

ಉತ್ತರ: ಅಷ್ಟು ಜನ ಹಿರಿಯರ ನಡುವೆ ಕೂತು ‘ಯೋಚಿಸಿ ಹೇಳುತ್ತೇನೆ’ ಎನ್ನುವುದು ಸುಲಭವಲ್ಲ. ಸಹಿ ಹಾಕಿದ್ದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಅವಮಾನ, ಸಿಟ್ಟು, ಜಗಳ ನಿಂತಿತಲ್ಲ ಎಂಬ ನಿರಾಳ ಎಲ್ಲವೂ ಒಟ್ಟಿಗೇ ಇದ್ದರೂ ಅದರಲ್ಲಿ ತಪ್ಪಿಲ್ಲ.

ಮದುವೆ ಮುಗಿದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೊಡುವುದು ನ್ಯಾಯಾಲಯ. ಸಮುದಾಯದ ರೂಢಿಗೆ ಕಾಯ್ದೆಯಲ್ಲಿ ಜಾಗವಿದೆ, ನಿಜ. ಆದರೆ ಅಂಥ ರೂಢಿ ಹಿಂದಿನಿಂದ ನಡೆದುಬಂದಿದೆಯೆಂದು ಕೋರ್ಟಿನಲ್ಲಿ ಸಾಬೀತಾಗಬೇಕು. ಅಲ್ಲಿಯವರೆಗೆ ಇನ್ನೊಂದು ಮದುವೆ ಅಸಿಂಧು, ಅಪರಾಧ ಕೂಡ. ನಿಮಗೂ, ನಿಮ್ಮ ಯಜಮಾನರಿಗೂ. ಅಣ್ಣನಿಗೆ ಸದ್ಯ ತಡೆಯಲು ಹೇಳಿ. ಅವರು ನಿಮ್ಮ ಒಳ್ಳೆಯದಕ್ಕೇ ಓಡಾಡುತ್ತಿದ್ದಾರೆ, ಬಿಡಿಸಿ ಹೇಳಿದರೆ ಕೇಳುತ್ತಾರೆ.

ಇದನ್ನು ಓದಿ ದಿಗಿಲಾಗಬಹುದು. ಆದರೆ ಅವಸರದಲ್ಲಿ ಬೇರೆಯವರು ಮಾಡಿದ ತೀರ್ಮಾನವನ್ನು ನಿಧಾನವಾಗಿ ನೀವೇ ಮಾಡಲು ಕಾಲ ಸಿಕ್ಕಿದೆ. ಕೂಡಿ ಬಾಳುವುದೋ, ಬೇರೆಯಾಗುವುದೋ, ಈ ವಾರವೇ ಹೇಳಬೇಕಿಲ್ಲ. ಇಬ್ಬರೂ ಒಪ್ಪಿ ಜಂಟಿ ಅರ್ಜಿ ಹಾಕಲು ಹೇಗಿದ್ದರೂ ಒಂದು ವರ್ಷ ಬೇರೆ ಇದ್ದಿರಬೇಕು.

‘ಏನನ್ನೂ ಕೇಳಬಾರದು’ ಎಂಬ ಷರತ್ತನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಪರಸ್ಪರ ಒಪ್ಪಿಯೇ ಬೇರೆಯಾದರು, ಹಾಗಾಗಿ ಜೀವನಾಂಶ ಬರುವುದಿಲ್ಲ ಎಂದು ನಿಮ್ಮ ಯಜಮಾನರ ವಕೀಲರು ಇದೇ ಪತ್ರ ತೋರಿಸಬಹುದು. ಯಾರು ಕರೆದರು, ಏನೆಂದು ಒತ್ತಾಯಿಸಿದರು ಎಂಬುದನ್ನು ನೆನಪು ಮಾಸುವ ಮೊದಲೇ ಬರೆದಿಡಿ. ಜೀವನಾಂಶ ಕೇಳಿದರೆ ‘ಅವನಿಗೇನು ಸಂಬಳವೇ?’ ಎಂಬ ಮಾತೂ ನಮ್ಮ ಕಡೆ ತಪ್ಪದೆ ಬರುತ್ತದೆ. ಗಂಡನ ಮನೆಯಲ್ಲಿ ತೆಂಗಿನ ತೋಟವಿದ್ದರೆ, ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದಲ್ಲಿರುತ್ತದೆ, ದುಡ್ಡು ಒಟ್ಟಿಗೆ ಬರುತ್ತದೆ, ಅದೂ ಆದಾಯವೇ. ತೋಟದ ಪಹಣಿ, ತಿಪಟೂರು ಮಾರುಕಟ್ಟೆಯ ಚೀಟಿ ಸಿಕ್ಕರೆ ಇಟ್ಟುಕೊಳ್ಳಿ. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ತುರುವೇಕೆರೆ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಮೊದಲು ಫೋನಿನಲ್ಲಿ ವಿಚಾರಿಸಲು 15100. ಹೊಡೆತ, ಬೆದರಿಕೆ ಇದ್ದರೆ ಕಾಯಬೇಡಿ, 181ಕ್ಕೆ ಕರೆ ಮಾಡಿ.

ಸಮಿತಿಗೆ ಹೋಗುವಾಗ ಅಮ್ಮನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ. ಆಧಾರ್, ಮದುವೆಯ ಫೋಟೊ, ಆ ಪತ್ರದ ನಕಲು ಇರಲಿ. ನಕಲು ಕೊಟ್ಟಿಲ್ಲವೆಂದರೆ, ಅದರಲ್ಲಿ ಏನಿತ್ತೆಂದು ನೆನಪಿದ್ದಷ್ಟು ಹೇಳಿ, ಸಾಕು.